ದೇವರ ಗುಂಗಿನವರೊಡನೆ ಸಂಸಾರ

ನನ್ನನ್ನು ನೋಡಲು ಬಂದ ದಿನ ಅವರು ಬಹಳ ಹೊತ್ತು ಬಾಯಿ ಬಿಡದೆ ಕುಳಿತಿದ್ದರು. ಅತ್ತೆ ಕೊಟ್ಟ ಅವಲಕ್ಕಿ ತಿಂದರು, ಚಹಾ ಕುಡಿದರು, ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದರು. ನಾನಾಗ ಗದಗಿನ ಕಡೆಯ ಒಂದು ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ತಂದೆತಾಯಿ ಇಲ್ಲದ ನನ್ನನ್ನು ಸಾಕಿದವಳು ಈ ಸೋದರತ್ತೆ. ಗಂಡು ಹುಡುಕಿದವಳೂ ಅವಳೇ. “ಹುಡುಗ ಕೊಪ್ಪಳದಾಗ ಸಾಲಿ ಮಾಸ್ತರ. ಕುಡಿಯೂದಿಲ್ಲ, ಸೇದೂದಿಲ್ಲ. ಮಾತು ಒಂದೀಟು ಕಡಿಮಿ” ಎಂದಿದ್ದಳು. ಒಂದೀಟು ಅಲ್ಲ, ಪೂರಾ ಕಡಿಮೆ ಎಂದು ನನಗೆ ಅನಿಸತೊಡಗಿತ್ತು.

ಏಳುವ ಹೊತ್ತಿಗೆ ಅವರು ತಲೆಯೆತ್ತಿ ಕೇಳಿದರು: “ನಿಮಗ ನಗಾಕ ಬರತೈತೇನ್ರಿ?”

ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ, ಹಾರ್ಮೋನಿಯಂ ಬರುತ್ತದೆಯೇ ಎಂದು ಕೇಳಿ ಹೋದವರಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನನಗೆ ತಡೆಯಲಾಗದೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಅತ್ತೆ ಕಣ್ಣು ಬಿಟ್ಟಳು. ಅವರೂ ನಕ್ಕರು. “ಸಾಕ್ರಿ, ನನಗ ಒಪ್ಪಿಗಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅದು ಮೂವತ್ತರ ದಶಕ ಮುಗಿಯುತ್ತಿದ್ದ ಕಾಲ. ಗದಗಿನಲ್ಲಿ ರೈಲು ಹತ್ತಿ ಕೊಪ್ಪಳದಲ್ಲಿ ಇಳಿದರೆ ರಾಜ್ಯವೇ ಬದಲಾಗುತ್ತಿತ್ತು. ಅಲ್ಲಿ ಬ್ರಿಟಿಷರು, ಇಲ್ಲಿ ನಿಜಾಮರು. ನಾಣ್ಯ ಬೇರೆ, ಕಚೇರಿಯ ಮಾತು ಉರ್ದು. ನನ್ನ ಗಂಡ ನಮ್ಮ ಕ್ರೈಸ್ತ ಸಭೆಯವರು ನಡೆಸುತ್ತಿದ್ದ ಸಣ್ಣ ಕನ್ನಡ ಶಾಲೆಯ ಮಾಸ್ತರರು. ಭಾನುವಾರ ಅದೇ ಶಾಲೆಯಲ್ಲಿ ಊರಿನ ಕೆಲವು ಕ್ರೈಸ್ತ ಮನೆಯವರು ಕೂಡುತ್ತಿದ್ದರು. ಆಗ ಪ್ರಾರ್ಥನೆ ನಡೆಸುವವರೂ ಅವರೇ. ಅವರ ಉಪದೇಶ ಎಷ್ಟು ಚಿಕ್ಕದೆಂದರೆ, ತಡವಾಗಿ ಬಂದವರಿಗೆ ಕಡೆಯ ಹಾಡು ಮಾತ್ರ ಸಿಗುತ್ತಿತ್ತು.

ನಮ್ಮ ಮನೆ ಭಾಗ್ಯನಗರದ ಕಡೆ, ನೇಕಾರರ ಓಣಿಯಲ್ಲಿತ್ತು. ಎರಡು ಕೋಣೆ, ಒಂದು ಹಿತ್ತಲು, ಹಿತ್ತಲಲ್ಲಿ ನುಗ್ಗೆಮರ. ಸೂರ್ಯ ಹುಟ್ಟುವ ಮೊದಲೇ ಎಡಬಲದ ಮನೆಗಳಲ್ಲಿ ಮಗ್ಗದ ಸದ್ದು ಶುರುವಾಗುತ್ತಿತ್ತು. ಮೊದಮೊದಲು ನನಗೆ ತಲೆನೋವು ಬಂತು. ಆಮೇಲೆ ಯಾವತ್ತಾದರೂ ಮಗ್ಗ ನಿಂತರೆ ‘ಯಾರ ಮನೆಯಲ್ಲಿ ಏನಾಯಿತೋ’ ಎಂದು ಎದ್ದು ಹೋಗಿ ನೋಡುವಷ್ಟು ರೂಢಿಯಾಯಿತು. ನಾನು ನರ್ಸ್ ಎಂದು ತಿಳಿದ ಮೇಲೆ ಓಣಿಯ ಹೆಂಗಸರು ಹೆರಿಗೆಗೆ, ಮಕ್ಕಳ ಜ್ವರಕ್ಕೆ, ಕಿವಿನೋವಿಗೆ ನನ್ನನ್ನೇ ಕರೆಯತೊಡಗಿದರು. ನಮ್ಮದು ಬೇರೆ ಜಾತಿ, ಬೇರೆ ದೇವರು ಎನ್ನುವ ಮಾತು ಮೊದಲ ಕೂಸು ನನ್ನ ಕೈಯಲ್ಲಿ ಅತ್ತಾಗಲೇ ಮುಗಿದುಹೋಯಿತು.

ಗಂಡನ ವಿಷಯ ಮಾತ್ರ ನನಗೆ ಬಗೆಹರಿಯಲಿಲ್ಲ. ಬದನೆಕಾಯಿ ತರಲು ಕಳಿಸಿದರೆ ಸಂಜೆ ಖಾಲಿ ಚೀಲ ಹಿಡಿದು ಬರುತ್ತಿದ್ದರು. ಒಮ್ಮೆ ಇನ್ನಾರದೋ ಚೀಲ ಹಿಡಿದು ಬಂದರು. ಅದರ ತುಂಬ ಬೇರೆಯವರ ಈರುಳ್ಳಿ. ಮುಖ ನೋಡಿದರೆ ಹಬ್ಬದೂಟ ಉಂಡು ಬಂದವರ ಹಾಗೆ ಬೆಳಗುತ್ತಿತ್ತು. “ಮಾಸ್ತರಿಗೆ ಗಾಳಿ ಹಿಡದೈತಿ ನೋಡವ್ವಾ” ಎಂದು ಓಣಿಯವರು ನನ್ನ ಕಿವಿಯಲ್ಲಿ ಹೇಳಿದರು. ನಾನು ಆಸ್ಪತ್ರೆಯಲ್ಲಿ ಕಲಿತವಳು. ನಾಡಿ ಹಿಡಿದೆ, ಕಣ್ಣಿನ ರೆಪ್ಪೆ ಎಳೆದು ನೋಡಿದೆ, ನಾಲಗೆ ಚಾಚಿಸಿದೆ. ಎಲ್ಲ ಚೆನ್ನಾಗಿತ್ತು.

ಒಂದು ಸಂಜೆ ಅವರ ಹಿಂದೆಯೇ ಹೊರಟೆ. ಊರ ಹೊರಗೆ ಬಂಡೆಗಳ ಗುಡ್ಡವಿತ್ತು. ಅವರು ಒಂದು ಬಂಡೆ ಹತ್ತಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ಕುಳಿತರು. ನಾನು ಮರೆಯಲ್ಲಿ ನಿಂತು ಸಾಕಾಗಿ, ಹೋಗಿ ಪಕ್ಕದಲ್ಲಿ ಕುಳಿತೆ. ಅವರು ಬೆಚ್ಚಲಿಲ್ಲ, ನನಗೆ ಜಾಗ ಮಾಡಿಕೊಟ್ಟರು ಅಷ್ಟೇ. ಬಂಡೆ ಇನ್ನೂ ಬೆಚ್ಚಗಿತ್ತು. ಕೆಳಗೆ ಹೊಲಗಳಲ್ಲಿ ಜೋಳ ತೆನೆಗಟ್ಟಿತ್ತು. ಬಹಳ ಹೊತ್ತು ಕುಳಿತ ಮೇಲೆ ಅವರು ಕೇಳಿದರು:

“ಏನ್ ಕಾಣ್ತು?”

“ಇರಿವಿ ಕಾಣ್ತು. ಸಾಲಾಗಿ ಹೊಂಟಾವ.”

“ನನಗೂ ಅವs ಕಾಣ್ತಾವ” ಎಂದರು.

“ಮತ್ತ ದೇವರು?”

“ನಾ ಅವನ್ನ ನೋಡಾಕ ಬರೂದಿಲ್ಲ. ಅಂವ ನನ್ನ ನೋಡ್ಲಿ ಅಂತ ಕುಂದರ್ತೀನಿ.”

ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಗಾಳಿ ಹಿಡಿದವರು ಹೀಗೆ ಮಾತಾಡುವುದಿಲ್ಲ ಎಂಬುದು ಗೊತ್ತಾಯಿತು. ಅಂದಿನಿಂದ ಪೇಟೆಯ ಕೆಲಸ ನಾನು ವಹಿಸಿಕೊಂಡೆ, ಸಂಜೆಯ ಬಂಡೆಯನ್ನು ಅವರಿಗೆ ಬಿಟ್ಟುಕೊಟ್ಟೆ. ನಮ್ಮ ಸಂಸಾರ ಸುಸೂತ್ರವಾಯಿತು.

ಮದುವೆಯಾಗಿ ಎರಡು ವರ್ಷವಾಗಿರಬೇಕು. ಅವರ ಮುಖದ ಆ ಬೆಳಕು ಹೊರಟುಹೋಯಿತು. ಬಂಡೆಗೆ ಹೋಗುತ್ತಿದ್ದರು, ಬೇಗ ಬರುತ್ತಿದ್ದರು. ಪ್ರಾರ್ಥನೆಗೆ ಮೊಣಕಾಲೂರಿದರೆ ತಲೆ ಎತ್ತುತ್ತಿರಲಿಲ್ಲ. ಊಟ ಕಡಿಮೆಯಾಯಿತು. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕುಳಿತು ಹೇಳಿದರು: “ಕರದ್ರ ಬರವಲ್ಲ. ಬಾಗಲಾ ತಗದು ಕುಂತೀನಿ, ಯಾರೂ ಬರವಲ್ರು. ಒಳಗೆಲ್ಲಾ ಖಾಲಿ ಆಗೇತಿ.”

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಅಕ್ಕ ಹಿತ್ತಲಿಂದ ಒಳಗೆ ಬಂದಳು. ಗಂಡನಿಲ್ಲದ ಹೆಂಗಸು, ಮಗನ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು, ಓಣಿಯ ಅರ್ಧ ಸುದ್ದಿ ಅವಳ ಬಾಯಲ್ಲೇ ಇರುತ್ತಿತ್ತು. ದಿನಾ ಬೆಳಿಗ್ಗೆ ಕಬ್ಬಿಣದ ಸೌಟು ಹಿಡಿದು ಬಂದು ನಮ್ಮ ಒಲೆಯಿಂದ ಒಂದು ಕೆಂಡ ಒಯ್ದು ತನ್ನ ಒಲೆ ಹೊತ್ತಿಸುವುದು ಅವಳ ರೂಢಿ. ಆಗ ಬೆಂಕಿಕಡ್ಡಿಯನ್ನು ಯಾರೂ ಸುಮ್ಮನೆ ಗೀರುತ್ತಿರಲಿಲ್ಲ. ಅವಳು ಕೆಂಡ ತೆಗೆದುಕೊಂಡು, “ರೊಟ್ಟಿ ಹೊತ್ತಾಕತ್ತೈತಿ ನೋಡ ತಂಗಿ” ಎಂದು ಹೋದಳು.

ರೊಟ್ಟಿ ನಿಜವಾಗಿಯೂ ಹೊತ್ತಿತ್ತು. ಆ ಸಿಟ್ಟಿನಲ್ಲಿ ಗಂಡನಿಗೆ ಹೇಳಿದೆ: “ಮುಂದಿನ ಬಾಗಲಾ ತಗದು ಕುಂತ್ರ ಯಾರ ಬರ್ತಾರ್ರೀ? ಪೊಲೀಸ್ ಪಟೇಲ ಬರ್ತಾನ. ಬೇಕಾದವ್ರೆಲ್ಲಾ ನಮ್ಮನಿಗೆ ಹಿತ್ತಲ ಬಾಗಲಿಂದ ಬರ್ತಾರ. ಬಂದು ಹೋಗಿರಬೇಕು ನಿಮ್ಮ ದೇವರು, ನೀವು ಬೀದಿ ನೋಡ್ಕೋತ ಕುಂತಿದ್ರಿ.”

ನಾನು ಹೇಳಿದ್ದು ಅಷ್ಟೇ. ಅದೂ ರೊಟ್ಟಿಯ ಸಿಟ್ಟಿಗೆ. ಅವರು ಎದ್ದು ಹೋಗಿ ಶಾಲೆಯ ಹಾಳೆ, ಪೆನ್ಸಿಲು ತಂದು ಒಲೆಯ ಮುಂದೆಯೇ ಬರೆಯಲು ಕುಳಿತರು. ಆ ದಿನ ಶಾಲೆಗೆ ತಡವಾಗಿ ಹೋದರು. ಹೋಗುವ ಮೊದಲು ಬರೆದದ್ದನ್ನು ನನಗೆ ಓದಿದರು:

“ಮುಂದಿನ ಬಾಗಿಲಲ್ಲಿ ಹಾಸು ಹಾಸಿ ನಿನಗಾಗಿ ಕಾದೆ. ನೀನು ಹಿತ್ತಲಿಂದ ಬಂದು ಒಲೆಯ ಮುಂದೆ ಕುಳಿತಿದ್ದೆ. ನಾನು ಬೀದಿಗೆ ಮುಖ ಮಾಡಿದ್ದೆ; ನಿನ್ನ ನೆರಳು ನನ್ನ ಬೆನ್ನ ಮೇಲಿತ್ತು.”

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಬೈದ ಮಾತು ಹೀಗೂ ಆಗಬಹುದೆಂದು ನನಗೆ ಗೊತ್ತಿರಲಿಲ್ಲ. ಅವರ ಮುಖ ನೋಡಿದೆ. ಹೋದ ಬೆಳಕು ಬಂದಿತ್ತು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಹೀಗೆಯೇ. ನಾನು ರೊಟ್ಟಿ ಬಡಿಯುವುದು, ಅವರು ಬರೆಯುವುದು, ಮುಗಿದ ಮೇಲೆ ಓದುವುದು. ಕೆಲವು ದಿನ ನಾಲ್ಕು ಸಾಲು, ಕೆಲವು ದಿನ ಏನೂ ಇಲ್ಲ. ಶುರುವಿನಲ್ಲಿ ಅವರಿಗೆ ಪಾದ್ರಿಗಳ ಕನ್ನಡ ಬಿಡಲು ಬರುತ್ತಿರಲಿಲ್ಲ. ‘ಓ ಸರ್ವೋನ್ನತನೇ’ ಎಂದು ಎತ್ತಿಕೊಳ್ಳುತ್ತಿದ್ದರು. “ಹಂಗ ಕರದ್ರ ನಾನೂ ತಿರುಗಿ ನೋಡೂದಿಲ್ಲ, ದೇವರೂ ನೋಡೂದಿಲ್ಲ” ಎನ್ನುತ್ತಿದ್ದೆ. ಅವರು ಅದನ್ನು ಹೊಡೆದುಹಾಕಿ ‘ನೀನು’ ಎಂದು ಬರೆಯುತ್ತಿದ್ದರು.

ಕೆಂಡಕ್ಕೆ ಬಂದ ಅಕ್ಕನೂ ಬಾಗಿಲಿಗೆ ಒರಗಿ ಕೇಳತೊಡಗಿದಳು. ಅವಳು ಶಾಲೆಯ ಮುಖ ಕಂಡವಳಲ್ಲ, ಯೇಸುವಿನ ಹೆಸರೂ ನಮ್ಮಿಂದಲೇ ಕೇಳಿದ್ದು. ಒಂದು ದಿನ ಸೌಟು ಹಿಡಿದುಕೊಂಡೇ ಕೇಳಿದಳು: “ಮಾಸ್ತರ್ರ, ದೇವರು ನಿಮ್ಮ ಹಿತ್ತಲಾಗ ಬಂದ ಅಂದ್ರಿ. ಸುಮ್ನ ಯಾಕ ಬಂದಾನು? ಏನರ ಕೇಳಾಕ ಬಂದಿರಬೇಕಲ್ಲ?”

ಗಂಡ ಪೆನ್ಸಿಲು ಕೆಳಗಿಟ್ಟರು. “ಏನ್ ಕೇಳ್ಯಾನಬೇ?”

“ನಾ ಏನ್ ಕೇಳ್ತೀನಿ? ಕೆಂಡ. ಅಂವಗೂ ಅದs ಬೇಕಾಗಿರತೈತಿ” ಎಂದು ನಕ್ಕು ಹೋದಳು.

ಎರಡು ದಿನ ಅವರು ಏನೂ ಬರೆಯಲಿಲ್ಲ. ಮೂರನೆಯ ಬೆಳಿಗ್ಗೆ ಓದಿದರು: “ಸೌಟು ಹಿಡಿದು ಬಂದು ನೀನು ಕೇಳಿದ್ದು ಒಂದು ಕೆಂಡ. ಕೊಟ್ಟೆ. ನನ್ನ ಒಲೆ ಆರಲಿಲ್ಲ. ಹೊರಗೆ ಬಂದು ನೋಡಿದರೆ ಊರಿನ ಎಲ್ಲ ಮನೆಗಳ ಮೇಲೂ ಹೊಗೆ.” ಅಕ್ಕನಿಗೆ ಅದು ಎಷ್ಟು ಹಿಡಿಸಿತೆಂದರೆ, ಬೀಸುವ ಕಲ್ಲಿನ ಮುಂದೆ ಅದಕ್ಕೊಂದು ರಾಗ ಕಟ್ಟಿದಳು. ಸ್ವಲ್ಪ ದಿನದಲ್ಲಿ ಓಣಿಯ ಹೆಂಗಸರೆಲ್ಲ ಅದನ್ನು ಹಾಡಿಕೊಂಡು ಬೀಸುತ್ತಿದ್ದರು. ನನ್ನ ಗಂಡ ಶಾಲೆಗೆ ಹೋಗುವಾಗ ಮನೆಮನೆಯಿಂದ ತಮ್ಮ ಮಾತನ್ನೇ ಕೇಳಿ, ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಬೇಗಬೇಗ ನಡೆಯುತ್ತಿದ್ದರು.

ಆ ವರ್ಷವೇ ನಮ್ಮ ಮಗಳು ಹುಟ್ಟಿದಳು. ಓಣಿಯ ಎಲ್ಲರ ಹೆರಿಗೆ ನಾನು ಮಾಡಿದ್ದೆ, ನನ್ನದಕ್ಕೆ ಅಕ್ಕ ನಿಂತಳು. ನಾನು ನೋವಿನ ನಡುವೆ ಹಾಗೆ ಹಿಡಿ, ಹೀಗೆ ಹಿಡಿ ಎಂದು ಹೇಳುತ್ತಿದ್ದರೆ, “ಬಾಯಿ ಮುಚ್ಚಿ ಹಡಿಯವ್ವಾ, ನರ್ಸಬಾಯಿ” ಎಂದು ಗದರಿಸಿದಳು.

ಬರೆದದ್ದನ್ನು ಪುಸ್ತಕ ಮಾಡಬೇಕೆಂದು ಹಟ ಹಿಡಿದವಳು ನಾನು. ಗದಗಿನಲ್ಲಿ ಒಂದು ಸಣ್ಣ ಛಾಪಖಾನೆ ಇತ್ತು. ಅದರ ಯಜಮಾನರ ತಾಯಿಗೆ ನಾನು ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದ್ದೆ. ಕೂಸನ್ನು ಎತ್ತಿಕೊಂಡು ರೈಲಿನಲ್ಲಿ ಹೋದೆ. ಯಜಮಾನರು ಮೊದಲು ‘ಯುದ್ಧದ ಕಾಲ, ಕಾಗದ ಎಲ್ಲಿದೆ’ ಎಂದರು. ನಾನು ಒಳಗೆ ಹೋಗಿ ಅವರ ತಾಯಿಗೆ ಓದಿ ಹೇಳಿದೆ. ಆ ಮುದುಕಿ ಹೊರಗೆ ಬಂದು ಮಗನಿಗೆ, “ಛಾಪಿಸಲಾ, ಛಲೋ ಐತಿ” ಎಂದಳು. ಕಾಗದ ಸಿಕ್ಕಿತು. ತೆಳ್ಳನೆಯ, ಬೆಲ್ಲದ ಬಣ್ಣದ ಕಾಗದ. ಅಕ್ಷರ ಈ ಕಡೆ ಓದಿದರೆ ಆ ಕಡೆಯದೂ ಕಾಣುತ್ತಿತ್ತು. ನನಗೆ ಅದರಷ್ಟು ಚೆಂದದ ಕಾಗದ ಇನ್ನೊಂದಿಲ್ಲ ಎನಿಸಿತು.

ಅಚ್ಚಾದ ಹಾಳೆಗಳು ಬಿಡಿಯಾಗಿ ಬಂದವು. ಕೊಪ್ಪಳದ ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಒಬ್ಬ ಮುದುಕರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಕಚೇರಿಯ ಉರ್ದು ದಫ್ತರುಗಳನ್ನು ಕಟ್ಟಿ ಕಟ್ಟಿ ಬೆರಳು ಗಂಟುಗಟ್ಟಿದ್ದವು. ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಳೆ ಮಡಿಸುತ್ತ ಗಂಡನಿಗೆ ಹೇಳಿದರು: “ಮಾಸ್ತರಸಾಬ್, ಓದ್ರಿ. ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವ.”

ಇವರು ಓದುತ್ತ ಹೋದರು. ಚಾಚಾ ಹೊಲಿಯುತ್ತ ಹೋದರು. ಕೆಂಡದ ಮಾತು ಬಂದಾಗ ಸೂಜಿ ನಿಂತಿತು. “ಅರೆ ವಾಹ್! ಇದು ನಮ್ಮ ದರ್ಗಾದಾಗ ಕವ್ವಾಲಿಯವರು ಹಾಡೂ ಮಾತs ಐತಲ್ರೀ. ನಿಮಗ ಯಾರ್ ಹೇಳಿದ್ರು?”

“ಬಾಜೂ ಮನಿ ಅಕ್ಕ” ಎಂದರು ನನ್ನ ಗಂಡ.

ಚಾಚಾಗೆ ಎಷ್ಟು ಸಂತೋಷವಾಯಿತೆಂದರೆ, ಬರಿಯ ರಟ್ಟು ಸಾಲದೆಂದು ದರ್ಗಾದ ಚಾದರ ಹೊಲಿದು ಉಳಿದಿದ್ದ ಹಸಿರು ಬಟ್ಟೆಯ ತುಂಡುಗಳನ್ನು ಎಲ್ಲಿಂದಲೋ ತಂದು ಬೆನ್ನಿಗೆ ಅಂಟಿಸಿದರು. “ಹಸರು ಕಣ್ಣಿಗೆ ತಂಪು” ಎಂದರು. ಹೀಗೆ ಕ್ರೈಸ್ತ ಮಾಸ್ತರರ ಪುಸ್ತಕ ಹಸಿರು ಅಂಗಿ ತೊಟ್ಟು ಹೊರಗೆ ಬಂತು.

ಅದು ಹೋದ ದಾರಿಯನ್ನು ನಾವು ಎಣಿಸಿರಲಿಲ್ಲ. ನೇಕಾರರು ಸೀರೆ ಮಾರಲು ಕುಕನೂರಿನ ಸಂತೆಗೆ ಹೋದಾಗ ಗಂಟಿನಲ್ಲಿ ಇಟ್ಟುಕೊಂಡು ಹೋದರು. ಅಲ್ಲಿಯ ಹತ್ತಿರದ ಹಳ್ಳಿಯ ಸಣ್ಣ ಮಠದ ಸ್ವಾಮಿಗಳಿಗೆ ಒಂದು ಪ್ರತಿ ಸಿಕ್ಕಿ, ಅವರು ಅದನ್ನು ಸೋಮವಾರದ ಭಕ್ತರಿಗೆ ಓದಿ ಹೇಳಿದರಂತೆ. ಚಾಚಾ ತಾವು ಕೇಳಿದ್ದನ್ನು ದರ್ಗಾದ ಕಟ್ಟೆಯ ಮೇಲೆ ತಮ್ಮ ಮಾತಿನಲ್ಲಿ ಹೇಳಿದರಂತೆ. ಕೇಳಿ ಕೇಳಿ ನಾನು ಹಿಗ್ಗಿದೆ. ನಮ್ಮ ಸಭೆಯಲ್ಲಿ ಮಾತ್ರ ಕೆಲವರು ಮುಖ ಗಂಟಿಕ್ಕಿದರು. ದೇವರನ್ನು ಕೆಂಡ ಬೇಡುವ ನೆರೆಯವಳ ಹಾಗೆ ಬರೆದಿದ್ದಾನೆ, ಮಠದಲ್ಲಿ ಓದುತ್ತಾರೆ, ಮೇಲೆ ಹಸಿರು ಬಟ್ಟೆ ಬೇರೆ ಎಂದು ಸಭೆಯ ದೊಡ್ಡವರಿಗೆ ಸುದ್ದಿ ಮುಟ್ಟಿಸಿದರು. ಅವರು ವಿಚಾರಣೆಗೆ ಒಬ್ಬ ಹಿರಿಯ ಪಾದ್ರಿಗಳನ್ನು ಕಳಿಸಿದರು.

ಆ ಅಯ್ಯನವರು ಎತ್ತರದ ಆಳು, ಬಿಳಿ ಮೀಸೆ, ಕಪ್ಪು ಕೋಟು. ಕುಷ್ಟಗಿಯ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ದೂರದಲ್ಲಿ ಓದಿ, ದೊಡ್ಡ ದೊಡ್ಡ ಸಭೆಗಳನ್ನು ನಡೆಸಿದವರು. ಬಂದವರೇ ಚಾಪೆಯ ಮೇಲೆ ನೆಟ್ಟಗೆ ಕುಳಿತು, ಪುಸ್ತಕ ಮುಂದಿಟ್ಟುಕೊಂಡು ಕೇಳಿದರು: “ಮಾಸ್ತರ, ಭೂಮಿ ಆಕಾಶ ಮಾಡಿದ ಕರ್ತನಿಗೆ ನಿಮ್ಮ ಒಲಿ ಕೆಂಡ ಯಾಕ ಬೇಕ್ರಿ?”

ನನ್ನ ಗಂಡ ಚಾಪೆಯ ತುದಿ ಸರಿಪಡಿಸುತ್ತಿದ್ದರು.

“ನಿಮ್ಮನ್ನs ಕೇಳಾಕತ್ತೀನಿ.”

“ಗೊತ್ತಿಲ್ರಿ ಅಯ್ಯನವರ” ಎಂದರು ಇವರು. “ಯಾಕ ಬೇಕೋ ನನಗೂ ತಿಳಿದಿಲ್ಲ. ಬಂದು ಕೇಳಿದಂಗಾತು. ಬರದೆ.”

ಅಯ್ಯನವರ ಮೀಸೆ ಅಲುಗಿತು. ನಾನು ಒಳಗಿನಿಂದ ಕೇಳುತ್ತಿದ್ದೆ. ಕೆಲಸ ಹೋದರೆ ಹೋಗಲಿ, ಆದರೆ ಬರೆಯಬೇಡ ಎಂದುಬಿಟ್ಟರೆ? ನನಗೆ ತೋಚಿದ್ದು ಒಂದೇ. ಹೊರಗೆ ಬಂದು, “ಅಯ್ಯನವರ, ಮೊದಲು ಊಟಾ ಮಾಡ್ರಿ” ಎಂದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ, ಮೊಸರು. ಅವರು ಉಂಡರು. ಉಂಡ ಮೇಲೆ, “ನಾ ಒಬ್ಬನs ಕುಂತು ಓದತೀನಿ” ಎಂದು ಪುಸ್ತಕ ತೆಗೆದುಕೊಂಡು ಹಿತ್ತಲಿಗೆ ಹೋಗಿ ನುಗ್ಗೆಮರದ ನೆರಳಿನಲ್ಲಿ ಕುಳಿತರು.

ನಾವಿಬ್ಬರೂ ಒಳಗೆ. ಮಗಳು ಅಂಬೆಗಾಲಿಟ್ಟುಕೊಂಡು ಹೋಗಿ ಅವರ ಕೋಟಿನ ಗುಂಡಿ ಎಳೆಯುತ್ತಿದ್ದಳು. ನಾನು ಇಣುಕಿದಾಗಲೆಲ್ಲ ಅವರು ಹಾಳೆ ತಿರುವುತ್ತಿದ್ದರು. ಒಮ್ಮೆ ಇಣುಕಿದರೆ ಹಾಳೆ ತಿರುಗಿರಲಿಲ್ಲ. ಪುಸ್ತಕ ಮೊಣಕಾಲ ಮೇಲಿತ್ತು, ಅಯ್ಯನವರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಕರೆದರು. ಹೋದೆವು.

“ಕುಂದರ್ರಿ” ಎಂದರು. “ನಮ್ಮಪ್ಪ ಯೇಸುವನ್ನ ನಂಬಿದಾಗ ನಾ ಸಣ್ಣಾಂವ. ಊರು ನಮ್ಮನ್ನ ಬಿಟ್ಟುಬಿಡ್ತು. ನೀರಿಲ್ಲ, ಬೆಂಕಿ ಇಲ್ಲ. ಯಾರ ಮನಿಗೆ ಹೋದ್ರೂ ಕೆಂಡ ಕೊಡವಲ್ರು. ನಮ್ಮವ್ವ ಆರಿದ ಒಲಿ ಮುಂದ ಅಳಾಕಿ. ಒಂದಿನ ಬೆಳಗಾಗಿ ನೋಡಿದ್ರ ಹಿತ್ತಲ ಬಾಗಲಾಗ ಒಡದ ಗಡಿಗಿ ಬಾಯಾಗ ಕೆಂಡ. ಮರುದಿನಾನೂ ಇತ್ತು. ದಿನಾ ಇತ್ತು.”

“ಯಾರು ಇಡತಿದ್ರು ಅಯ್ಯನವರ?” ಎಂದೆ.

“ಅವ್ವ ಒಂದಿನ ಬಾಗಲ ಸಂದ್ಯಾಗಿಂದ ನೋಡಿದ್ಲು. ಬಾವಿಕಟ್ಟಿ ಮ್ಯಾಲ ನಮ್ಮನ್ನ ಎಲ್ಲಾರಿಗಿಂತ ಜೋರು ಬೈಯಾಕಿ ಒಬ್ಬಾಕಿ ಇದ್ಲು, ಆಕಿನs!” ಎಂದು ಅಯ್ಯನವರು ನಗತೊಡಗಿದರು. ಕಣ್ಣಲ್ಲಿ ನೀರು, ಮೀಸೆಯಲ್ಲಿ ನಗು. “ತನ್ನ ಮ್ಯಾಲ ಯಾರಿಗೂ ಸಂಶೇ ಬರಬಾರದಂತ ಬೈತಿದ್ಲು. ಹಗಲೆಲ್ಲಾ ಬೈಗಳ, ಬೆಳಗಾದ್ರ ಕೆಂಡ. ಅವ್ವ ಆಕಿ ಹೆಸರು ಯಾರ ಮುಂದೂ ಎತ್ತಲಿಲ್ಲ. ಇಷ್ಟು ವರ್ಷ ನಾ ಪ್ರಸಂಗ ಮಾಡೇನಿ, ದೇಶದ ಮ್ಯಾಲಿನ ದೃಷ್ಟಾಂತ ಎಲ್ಲಾ ಹೇಳೇನಿ. ಇದನ್ನ ಹೇಳಿದ್ದಿಲ್ಲ ನೋಡ್ರಿ. ಇದು ದೇವರ ಮಾತು ಅಂತ ತಿಳದಿದ್ದಿಲ್ಲ.”

ನನ್ನ ಗಂಡ ಅಯ್ಯನವರ ಹತ್ತಿರಕ್ಕೆ ಸರಿದು ಕುಳಿತರು. ಇಬ್ಬರೂ ಮರದ ಕೆಳಗೆ ಕುಳಿತೇ ಇದ್ದರು. ನಾನು ಮಗಳನ್ನು ಎತ್ತಿಕೊಂಡು ಒಳಗೆ ಬಂದು ಚಹಾಕ್ಕಿಟ್ಟೆ.

ಚಹಾ ಕುಡಿಯುವಾಗ ಅಯ್ಯನವರು ಮತ್ತೆ ಪಾದ್ರಿಗಳಾದರು. “ಆದ್ರ ಮಾಸ್ತರ, ಪುಸ್ತಕದಾಗ ಒಂದು ತಪ್ಪೈತಿ.” ನಾನು ಚಹಾದ ಪಾತ್ರೆ ಕೆಳಗಿಟ್ಟೆ. “ಕೆಂಡಾ ಸೌಟಿನ್ಯಾಗ ಒಯ್ದಂಗ ಬರದೀರಿ. ಕೆಂಡಾ ಸೌಟಿನ್ಯಾಗ ಒಯ್ಯೂದಿಲ್ಲ. ಸಗಣಿ ಕುಳ್ಳಿನ ಮ್ಯಾಲ ಒಯ್ತಾರ.”

“ನಮ್ಮ ಓಣ್ಯಾಗ ಸೌಟಿನ್ಯಾಗs ಒಯ್ತಾರ್ರಿ” ಎಂದೆ ನಾನು.

“ಕುಷ್ಟಗ್ಯಾಗ ಕುಳ್ಳಿನ ಮ್ಯಾಲ.”

“ಕುಳ್ಳು ಹತ್ತಿಕೊಂಡು ಕೈ ಸುಡೂದಿಲ್ಲೇನ್ರಿ?”

“ಬೇಗ ನಡಿಬೇಕವ್ವಾ!”

ಅಷ್ಟರಲ್ಲಿ ಅಕ್ಕ ಸಂಜೆಯ ಒಲೆಗೆಂದು ಸೌಟು ಹಿಡಿದೇ ಬಂದಳು. ದೊಡ್ಡವರನ್ನು ಕಂಡು ಸೆರಗು ಹೊದ್ದು ಬಾಗಿಲಲ್ಲಿ ನಿಂತಳು. ಅಯ್ಯನವರು ಅವಳ ಕೈಯ ಸೌಟನ್ನು ನೋಡಿದರು. “ಆತು, ನೀವs ಗೆದ್ರಿ” ಎಂದು ಜೋರಾಗಿ ನಕ್ಕರು. ಅವಳಿಗೆ ಏನೂ ತಿಳಿಯಲಿಲ್ಲ. “ಇವ್ರಿಗೂ ಗಾಳಿ ಹಿಡದೈತೇನ ತಂಗಿ?” ಎಂದು ಒಳಗೆ ಬಂದು ನನ್ನ ಕಿವಿಯಲ್ಲಿ ಕೇಳಿದಳು.

ವಿಚಾರಣೆ ಹೀಗೆ ಮುಗಿಯಿತು. ಅಯ್ಯನವರು ದೊಡ್ಡವರಿಗೆ ಏನು ಹೇಳಿದರೋ, ಮತ್ತೆ ಯಾರೂ ನಮ್ಮನ್ನು ಕೇಳಲಿಲ್ಲ. ಹೋಗುವಾಗ ಪುಸ್ತಕದ ಕಟ್ಟೊಂದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಯಲಬುರ್ಗಿಯಲ್ಲಿ, ಕುಷ್ಟಗಿಯಲ್ಲಿ ತಾವೇ ಹಂಚಿದರು. ಬೇರೆ ರಟ್ಟು ಹಾಕಿಸಲೇ ಎಂದು ಇವರು ಕೇಳಿದಾಗ, “ಇರಲಿ ಬಿಡ್ರಿ, ಕಣ್ಣಿಗೆ ತಂಪೈತಿ” ಎಂದರಂತೆ.

ಆಮೇಲೆ ನನ್ನ ಗಂಡ ಇನ್ನೂ ಸಣ್ಣ ಸಣ್ಣ ಪುಸ್ತಕಗಳನ್ನು ಬರೆದರು. ಅವುಗಳಲ್ಲಿ ಒಂದು ಪೂರ್ತಿ ನೀರಿನ ಬಗ್ಗೆ. ದೇವರೆಂಬ ಹೊಳೆಯಲ್ಲಿ ಮುಳುಗಿದವನಿಗೆ ದಡದ ನೆನಪೇ ಬರುವುದಿಲ್ಲ, ಮುಳುಗುವುದೇ ಸುಖ ಎಂದು ಅದರಲ್ಲಿ ಬರೆದಿದ್ದರು. ನಾವಿದ್ದ ಕಡೆ ನೀರೆಂದರೆ ಬಾವಿಯ ತಳದಲ್ಲಿ ಕಾಣುವುದು. ಅದನ್ನು ಓದಿ ನನಗೂ ಹೊಳೆ ನೋಡುವ ಆಸೆಯಾಯಿತು.

ಆಸೆ ಕೈಗೂಡಿತು. ಗಂಗಾವತಿಯಲ್ಲಿ ಸುಗ್ಗಿಯ ಸ್ತೋತ್ರದ ಕೂಟಕ್ಕೆ ಬಂದು ಮಾತಾಡಬೇಕೆಂದು ಅಯ್ಯನವರೇ ಕರೆಸಿದರು. ಹುಣಸೆಮರದ ಕೆಳಗೆ ಜನ ಕೂಡಿದ್ದರು. ಹೊಸ ಭತ್ತದ ಚೀಲ, ಬಾಳೆಗೊನೆ, ಒಬ್ಬಾಕೆ ತಂದ ಕೋಳಿ. ನನ್ನ ಗಂಡ ಎದ್ದು ನಿಂತರು. ನಿಂತೇ ಇದ್ದರು. ಜನ ಕಾದರು. ಕೋಳಿಯೂ ಸುಮ್ಮನಾಯಿತು. ಆ ಮೌನದಲ್ಲಿ ಹುಣಸೆಯ ಎಲೆ ಉದುರುವುದು ಕೇಳಿಸುತ್ತಿತ್ತು. ಕೊನೆಗೆ ಅವರು, “ಈಗ ಕೇಳಿದ್ರಲ್ಲ, ನಾ ಹೇಳೂದೂ ಇದನ್ನs” ಎಂದು ಕುಳಿತುಬಿಟ್ಟರು. ನಾನು ನಾಚಿಕೆಯಿಂದ ನೆಲ ನೋಡಿದೆ. ಆದರೆ ಆಮೇಲೆ ಎಷ್ಟೋ ಜನ ಬಂದು ಅವರ ಕೈ ಹಿಡಿದುಕೊಂಡರು.

ಹಾಗೆ ಕೈ ಹಿಡಿದವರಲ್ಲಿ ಹನುಮನಹಳ್ಳಿಯ ಒಬ್ಬ ಅಂಬಿಗನಿದ್ದ. ಕ್ರೈಸ್ತನಲ್ಲ, ಯಾರದೋ ಮನೆಯಲ್ಲಿ ನೀರಿನ ಪುಸ್ತಕ ಓದುವುದನ್ನು ಕೇಳಿದ್ದನಂತೆ. “ಹೊಳೀ ಬಗ್ಗೆ ಅಷ್ಟು ಬರದೀರಿ. ನಮ್ಮ ಹೊಳ್ಯಾಗ ಒಮ್ಮಿ ಕುಂದರಬೇಕ್ರಿ” ಎಂದು ಪಟ್ಟು ಹಿಡಿದ. ಮರುದಿನ ಚಕ್ಕಡಿಯಲ್ಲಿ ಹೋದೆವು. ಅಂಜನಾದ್ರಿಯ ಬೆಟ್ಟಕ್ಕೆ ಬಂದ ಯಾತ್ರಿಕರು ದಾರಿಯುದ್ದಕ್ಕೂ ಇದ್ದರು. ಬಂಡೆಗಳ ನಡುವೆ ತಿರುಗಿದ ಕೂಡಲೇ ತುಂಗಭದ್ರೆ ಕಂಡಳು. ಅಷ್ಟು ನೀರನ್ನು ಒಟ್ಟಿಗೆ ನೋಡಿ ನನ್ನ ಮಗಳು, “ಯವ್ವಾ, ಯಾರ್ ಚೆಲ್ಲ್ಯಾರ?” ಎಂದು ಕೇಳಿದಳು. ಅವಳಿಗೆ ಆಗ ನಾಲ್ಕು ತುಂಬುತ್ತಿತ್ತು.

ಅಂಬಿಗನ ಹರಿಗೋಲಿನಲ್ಲಿ ಕುಳಿತೆವು. ದೊಡ್ಡ ಬುಟ್ಟಿಯಂಥ ದೋಣಿ, ಕೆಳಗೆ ತೊಗಲು. ನಡುಹೊಳೆಗೆ ಹೋದ ಮೇಲೆ ಅಂಬಿಗ ಮಗುವನ್ನು ನಗಿಸಲೆಂದು ಹುಟ್ಟನ್ನು ಒಂದೇ ಕಡೆ ಹಾಕಿ ಹರಿಗೋಲನ್ನು ಗಿರಗಿರ ತಿರುಗಿಸಿದ. ಬಂಡೆ, ಬೆಟ್ಟ, ಆಕಾಶ ಎಲ್ಲ ಸುತ್ತತೊಡಗಿದವು. ಮಗಳು ಕೇಕೆ ಹಾಕಿದಳು. ನನ್ನ ಗಂಡ ಎರಡೂ ಕೈಯಿಂದ ನನ್ನ ಭುಜ ಹಿಡಿದು, “ಯಪ್ಪಾ! ಯವ್ವಾ! ನಿಂದರಸೋ ಮಾರಾಯಾ, ಸತ್ತೆ!” ಎಂದು ಕೂಗಿದರು. ಮದುವೆಯಾದಾಗಿನಿಂದ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹರಿಗೋಲು ನಿಂತಿತು. ಅಂಬಿಗ ಹೆದರಿ ಕೈ ಮುಗಿದ. ನಾನು ನಕ್ಕು ನಕ್ಕು ಕೇಳಿದೆ: “ಮುಳುಗೂದs ಸುಖ ಅಂತ ಬರದಿದ್ರಲ್ರೀ?”

ಅವರು ಏದುಸಿರು ಬಿಡುತ್ತ ನೀರನ್ನು ನೋಡಿದರು, ನನ್ನನ್ನು ನೋಡಿದರು. “ಹೊಳಿ ನೋಡದs ಬರದಿದ್ದೆ” ಎಂದರು. ಆಮೇಲೆ ಅವರಿಗೂ ನಗು ಬಂತು. ನಕ್ಕರೆ ಹರಿಗೋಲು ಅಲುಗುತ್ತಿತ್ತು, ಅಲುಗಿದರೆ ಮತ್ತೆ ನನ್ನನ್ನು ಹಿಡಿದುಕೊಳ್ಳುತ್ತಿದ್ದರು, ಹಿಡಿದುಕೊಂಡೇ ನಗುತ್ತಿದ್ದರು. ಮಗಳು ಅಂಬಿಗನ ಮೊಣಕಾಲು ಬಡಿದು, “ಕಾಕಾ, ಇನ್ನೊಮ್ಮಿ!” ಎಂದಳು.

ಅಂಬಿಗ ಇವರ ಮುಖ ನೋಡಿದ. “ತಿರುಗಿಸಪಾ” ಎಂದರು ನನ್ನ ಗಂಡ. “ಆದ್ರ ಸಾವಕಾಶ.”

ಅವನು ಸಾವಕಾಶವಾಗಿಯೇ ತಿರುಗಿಸಿದ. ಈ ಸಲ ಅವರು ಒಂದು ಕೈ ಮಾತ್ರ ನನ್ನ ಭುಜದ ಮೇಲಿಟ್ಟರು, ಇನ್ನೊಂದನ್ನು ನೀರಿಗೆ ಇಳಿಬಿಟ್ಟರು. ದಡದಲ್ಲಿ ಅಂಬಿಗನ ಹೆಂಡತಿ ಊಟಕ್ಕೆ ಬನ್ನಿರೆಂದು ಕೂಗುತ್ತಿದ್ದಳು. ಹೊಸಕ್ಕಿಯ ಅನ್ನ, ಹೊಳೆಯ ಮೀನಿನ ಸಾರು. ಒದ್ದೆ ತೋಳಿನ ಅಂಗಿಯಲ್ಲೇ ಕುಳಿತು ನನ್ನ ಗಂಡ ಬೇಡವೆನ್ನದೆ ಮತ್ತೆ ಮತ್ತೆ ಬಡಿಸಿಕೊಂಡು ಉಂಡರು.